ಕರೋಶಿಯಲ್ಲಿ ಕಡಲ ಜೀವ: ಮುಳ್ಳು ಉದುರಿದರೆ ಯಾವ ದವಾಖಾನೆ?

ದನ ಮೇವು ಬಿಟ್ಟರೆ ದನದ ದವಾಖಾನೆ ಇದೆ. ಎಮ್ಮೆ ಹಾಲು ಕಡಿಮೆ ಮಾಡಿದರೆ ಹೀಗೆ ಮಾಡು, ಹಾಗೆ ಮಾಡು ಅನ್ನುವುದಕ್ಕೆ ಓಣಿಗೆ ಇಬ್ಬರು ಹಿರಿಯರಿದ್ದಾರೆ. ಆದರೆ ಮನೆಯ ಗಾಜಿನ ತೊಟ್ಟಿಯಲ್ಲಿಟ್ಟ ಕಡಲ ಮುಳ್ಳುಚೆಂಡು ಒಂದು ಮುಂಜಾನೆ ಮೈಮೇಲಿನ ಮುಳ್ಳು ಉದುರಿಸಿಕೊಂಡು ಮೂಲೆ ಹಿಡಿದು ಕುಂತರೆ, ಕರೋಶಿಯ ಮನುಷ್ಯ ಯಾರ ಬಾಗಿಲು ಬಡಿಯಬೇಕು? ಚಿಕ್ಕೋಡಿ ಬಸ್ಸು ಹತ್ತಬೇಕೋ, ನಿಪ್ಪಾಣಿಗೆ ಹೋಗಬೇಕೋ, ಕೊಲ್ಲಾಪುರದ ಮೀನಿನ ಅಂಗಡಿಗೆ ಫೋನು ಮಾಡಬೇಕೋ?

ಓದುಗರು ನಗಬಾರದು. ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ, ಹೋಟೆಲಿನ ಬಾಗಿಲಲ್ಲಿ, ಈಗೀಗ ಹೊಸ ಮನೆಯ ಪಡಸಾಲೆಯಲ್ಲಿ ಮೀನಿನ ತೊಟ್ಟಿ ಇಡುವುದು ನಮ್ಮ ಕಡೆ ಹೊಸದಲ್ಲ. ಬಂಗಾರದ ಮೀನು ನಾಲ್ಕು ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಅನ್ನುವವರೂ ಇದ್ದಾರೆ. ಅದು ಸಿಹಿನೀರಿನ ಮಾತು. ಉಪ್ಪುನೀರಿನ ತೊಟ್ಟಿಯ ಬಣ್ಣ ಬೇರೆ, ಖರ್ಚು ಬೇರೆ, ಚಿಂತೆಯೂ ಬೇರೆ. ಮುಂಬಯಿ, ಪುಣೆ ಕಡೆಯ ವ್ಯಾಪಾರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಡಲ ಜೀವಗಳನ್ನು ಕಟ್ಟಿ ಊರೂರಿಗೆ ಕಳಿಸುವ ಕಾಲ ಇದು. ಚೀಲ ಬಂದು ಇಳಿಯುತ್ತದೆ. ಚೀಲದ ಜೊತೆ ಬುದ್ಧಿ ಹೇಳುವವನು ಬರುವುದಿಲ್ಲ.

ಹಾಗಾಗಿ ಕರೋಶಿಯ ಒಂದು ಮನೆಯಲ್ಲಿ ನೂರು ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ, ಅದರಲ್ಲಿ ಒಂದು ಮುಳ್ಳುಚೆಂಡು ಇದೆ, ಅದಕ್ಕೆ ಜಡ್ಡಾಗಿದೆ ಎಂದು ಇಟ್ಟುಕೊಳ್ಳೋಣ. ಮುಂದೆ?

ಇದು ಎಂಥ ಪ್ರಾಣಿ?

ಇಂಗ್ಲಿಷಿನಲ್ಲಿ ಇದಕ್ಕೆ ‘ಸೀ ಅರ್ಚಿನ್’ ಅನ್ನುತ್ತಾರೆ, ಅಂಗಡಿಯವರು ಬರೇ ‘ಅರ್ಚಿನ್’. ಆ ಹಳೆಯ ಪದಕ್ಕೆ ಮೈತುಂಬ ಮುಳ್ಳಿರುವ ಒಂದು ಸಣ್ಣ ಕಾಡುಪ್ರಾಣಿ ಎಂದು ಅರ್ಥ. ನೋಡಿದರೆ ಸುಣ್ಣದ ಚೆಂಡಿಗೆ ಸೂಜಿ ಚುಚ್ಚಿ ಇಟ್ಟಂತೆ. ಕಣ್ಣಿಲ್ಲ, ತಲೆಯಿಲ್ಲ, ಮಿದುಳಿಲ್ಲ. ಬಾಯಿ ಕೆಳಗೆ, ಮಲದ್ವಾರ ನೆತ್ತಿಯ ಮೇಲೆ! ಬಾಯಿಯಲ್ಲಿ ಐದು ಹಲ್ಲು. ಆ ಹಲ್ಲುಗಳ ಚೌಕಟ್ಟನ್ನು ಗ್ರೀಸಿನ ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಕಂಡು ಕಂದೀಲಿಗೆ ಹೋಲಿಸಿ ಬರೆದಿದ್ದ. ಇಂದಿಗೂ ವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ‘ಅರಿಸ್ಟಾಟಲ್‌ನ ಕಂದೀಲು’ ಎಂದೇ ಇದೆ.

ಮುಳ್ಳುಗಳ ಸಂದಿಯಿಂದ ನೂರಾರು ಸಣ್ಣ ಕೊಳವೆಗಾಲುಗಳು ಹೊರಗೆ ಚಾಚಿರುತ್ತವೆ. ಒಂದೊಂದರ ತುದಿಗೂ ಅಂಟುವ ಬಿಲ್ಲೆ. ಇವು ಸ್ನಾಯುವಿನ ಬಲಕ್ಕಿಂತ ಹೆಚ್ಚಾಗಿ ಒಳಗೆ ತುಂಬಿದ ನೀರಿನ ಒತ್ತಡದಿಂದ ಚಾಚುತ್ತವೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ಟ್ರೇಲರ್ ಎತ್ತುತ್ತದಲ್ಲ, ಲೆಕ್ಕ ಅದೇ. ಇಲ್ಲಿ ಎಣ್ಣೆಯ ಬದಲು ಸಮುದ್ರದ ನೀರು. ಈ ಒಂದು ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರೆ ಮುಂದಿನ ಚಿಕಿತ್ಸೆ ಅರ್ಧ ತಿಳಿದಂತೆ. ಮೀನಿಗೆ ಮೂತ್ರಪಿಂಡ ಇದೆ, ಕಿವಿರು ಇದೆ. ಹೊರಗೆ ಉಪ್ಪು ಸ್ವಲ್ಪ ಹೆಚ್ಚುಕಡಿಮೆಯಾದರೆ ಒಳಗೆ ಸರಿದೂಗಿಸಿಕೊಳ್ಳುತ್ತದೆ. ಮುಳ್ಳುಚೆಂಡಿಗೆ ಆ ಸೌಲಭ್ಯ ಇಲ್ಲ. ಅದರ ಮೈಯೊಳಗಿನ ರಸ ಹೆಚ್ಚುಕಡಿಮೆ ಸಮುದ್ರದ ನೀರೇ. ಹೊರಗಿನ ನೀರು ಕೆಟ್ಟರೆ ಒಳಗಿನ ರಕ್ತವೇ ಕೆಟ್ಟಂತೆ.

ಕೆಲಸಕ್ಕೆ ಬಾರದ ಪ್ರಾಣಿ ಎಂದು ಯಾರೂ ತಿಳಿಯಬಾರದು. ತಂದೆಯ ಬೀಜ, ತಾಯಿಯ ತತ್ತಿ ಒಂದಾಗಿ ಹೊಸ ಜೀವ ಶುರುವಾಗುವುದನ್ನು ಜರ್ಮನಿಯ ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ನೋಡಿದ್ದು ಇದರ ತತ್ತಿಯಲ್ಲೇ. ಜೀವಕೋಶ ಯಾವಾಗ ಒಡೆದು ಎರಡಾಗಬೇಕು ಎಂದು ತೀರ್ಮಾನಿಸುವ ಸೈಕ್ಲಿನ್ ಎಂಬ ಪ್ರೋಟೀನನ್ನು ಇಂಗ್ಲೆಂಡಿನ ಟಿಮ್ ಹಂಟ್ 1982ರಲ್ಲಿ ಗುರುತಿಸಿದ್ದೂ ಇದರ ತತ್ತಿಯಲ್ಲೇ. ಅದಕ್ಕಾಗಿ 2001ರ ನೊಬೆಲ್ ಬಹುಮಾನದಲ್ಲಿ ಆತನಿಗೆ ಪಾಲು ಸಿಕ್ಕಿತು. ಕ್ಯಾನ್ಸರಿನ ಔಷಧ ಹುಡುಕುವವರು ಇಂದಿಗೂ ಆ ದಾರಿಯಲ್ಲೇ ಇದ್ದಾರೆ. ಮುಳ್ಳಿನ ಈ ಬಡ ಜೀವಕ್ಕೆ ಮನುಷ್ಯ ಇಷ್ಟು ಋಣಿ.

ಜಡ್ಡು ಗೊತ್ತಾಗುವುದು ಹೇಗೆ?

ಮಾತಾಡದ ಪ್ರಾಣಿ, ಕೂಗದ ಪ್ರಾಣಿ. ಆದರೂ ಲಕ್ಷಣ ತೋರಿಸುತ್ತದೆ. ಗಟ್ಟಿಮುಟ್ಟಾದ ಮುಳ್ಳುಚೆಂಡು ಗಾಜಿಗೆ ಅಂಟಿದರೆ ಎಳೆದರೂ ಬರುವುದಿಲ್ಲ. ಬೆರಳು ಹತ್ತಿರ ತಂದರೆ ಮುಳ್ಳು ಆ ಕಡೆ ತಿರುಗಿಸುತ್ತದೆ. ಕಲ್ಲಿನ ಚೂರು, ಚಿಪ್ಪು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಪೇಟಾ ಸುತ್ತಿದ ಗೌಡರ ಹಾಗೆ ತಿರುಗುವ ಜಾತಿಗಳೂ ಇವೆ. ಮಗುಚಿ ಬಿದ್ದರೆ ತಾನೇ ನಿಧಾನಕ್ಕೆ ಹೊರಳಿ ಸರಿಯಾಗುತ್ತದೆ. ಈ ಹೊರಳುವ ಶಕ್ತಿಯನ್ನೇ ವಿಜ್ಞಾನಿಗಳು ಅದರ ಆರೋಗ್ಯ ಅಳೆಯಲು ಬಳಸುತ್ತಾರೆ.

ಜಡ್ಡಾದರೆ ಮೊದಲು ಹಿಡಿತ ಹೋಗುತ್ತದೆ. ಗಾಜಿನಿಂದ ಕಳಚಿ ಮರಳಿನ ಮೇಲೆ ಬೀಳುತ್ತದೆ. ಮುಳ್ಳುಗಳು ಒಣಗಿದ ಜೋಳದ ಸೊಪ್ಪಿನಂತೆ ಜೋಲು ಬೀಳುತ್ತವೆ. ಕೊಳವೆಗಾಲು ಒಳಗೆ ಎಳೆದುಕೊಳ್ಳುತ್ತದೆ, ಇಲ್ಲವೇ ದಿಕ್ಕಿಲ್ಲದೆ ಹೊರಗೆ ತೇಲಾಡುತ್ತವೆ. ಆಮೇಲೆ ಮುಳ್ಳು ಉದುರಲು ಶುರು. ಎರಡು ಮೂರು ಮುಳ್ಳು ಮುರಿದರೆ ಗಾಬರಿ ಬೇಡ, ಮತ್ತೆ ಬೆಳೆಯುತ್ತವೆ. ಆದರೆ ಒಂದೇ ಕಡೆ ಬೋಳಾಗಿ ಕೆಳಗಿನ ಚಿಪ್ಪು ಕೆಂಪಗೋ ಕಪ್ಪಗೋ ಹಸಿರಗೋ ಕಂಡರೆ ಅದು ಬೋಳು ರೋಗ. ಅದಕ್ಕೆ ಬ್ಯಾಕ್ಟೀರಿಯಾ ಕಾರಣ. ಗಾಯ ಮೇಲುಮೇಲಿನದಾಗಿದ್ದು, ಮೈಯ ನೂರಕ್ಕೆ 30 ಭಾಗದೊಳಗೇ ಇದ್ದರೆ ಪ್ರಾಣಿ ಬದುಕಿ ಉದುರಿದ್ದನ್ನು ಮತ್ತೆ ಬೆಳೆಸಿಕೊಳ್ಳುವುದು ಉಂಟು. ಗಾಯ ಚಿಪ್ಪನ್ನು ತೂತು ಮಾಡಿ ಒಳಗೆ ಇಳಿಯಿತೋ, ಆಸೆ ಬಿಡಬೇಕು.

ಮೊದಲ ತಪ್ಪು: ಔಷಧ

ಇಲ್ಲಿ ನಮ್ಮ ಜನರ ಸ್ವಭಾವ ಅಡ್ಡ ಬರುತ್ತದೆ. ಜಡ್ಡು ಅಂದರೆ ಔಷಧ. “ಏನರೆ ಹಾಕ್ರೀ, ಸುಮ್ಮ ಕುಂದರಬ್ಯಾಡ್ರಿ” ಅನ್ನುವವರೇ ಎಲ್ಲ. ಮೀನಿನ ಅಂಗಡಿಯಲ್ಲಿ ನೀಲಿ ಹನಿ, ಹಸಿರು ಹನಿ ಎಂದು ಸೀಸೆಗಳು ಸಾಲಾಗಿ ಇರುತ್ತವೆ. ಮೀನಿನ ಮೈಮೇಲಿನ ಬಿಳಿ ಚುಕ್ಕೆಗೆ ಹಾಕುವ ಔಷಧಗಳಲ್ಲಿ ಎಷ್ಟೋ ತಾಮ್ರದವು. ತಾಮ್ರ ಮೀನಿಗೆ ಔಷಧವಾದರೆ ಮುಳ್ಳುಚೆಂಡಿಗೆ, ಸಿಗಡಿಗೆ, ಏಡಿಗೆ ವಿಷ. ದ್ರಾಕ್ಷಿ ಪಡದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬುರುಸಿಗೆ ಹೊಡೆಯುವ ಮೈಲುತುತ್ತ ಅಂದರೆ ತಾಮ್ರವೇ ತಾನೆ?

ತಾಮ್ರ ಬರುವ ದಾರಿ ಅದೊಂದೇ ಅಲ್ಲ. ಹಂಡೆಯಲ್ಲಿ, ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರು ದೇವರಿಗೆ ಆಗುತ್ತದೆ, ಈ ತೊಟ್ಟಿಗೆ ಆಗುವುದಿಲ್ಲ. ಹಿತ್ತಾಳೆಯ ನಲ್ಲಿಯ ಮೊದಲ ನೀರೂ ಬೇಡ. ಇನ್ನು ಸೊಳ್ಳೆ ಬತ್ತಿ, ಜಿರಳೆ ಹೊಡೆಯುವ ಸ್ಪ್ರೇ! ತೊಟ್ಟಿಯ ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಕೋಣೆಯಲ್ಲಿ ಕೀಟನಾಶಕ ಹೊಡೆದರೆ ಅದು ನೆಟ್ಟಗೆ ನೀರಿಗೆ. ಗಲ್ಲೆಯ ಮೇಲೆ ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚುವ ಅಂಗಡಿಕಾರರು ಪಂಪನ್ನು ಹೊಗೆಯಿಂದ ದೂರ ಇಡುವುದು ಒಳ್ಳೆಯದು. ನಿಪ್ಪಾಣಿ ಕಡೆಯ ಮಾತಂತೂ ಬೇರೆಯೇ. ತಂಬಾಕಿನ ಸಾರವನ್ನು ಒಂದು ಕಾಲದಲ್ಲಿ ಕೀಟನಾಶಕವಾಗಿಯೇ ಮಾರುತ್ತಿದ್ದರು. ತಂಬಾಕು ತಿಕ್ಕಿದ ಕೈಯನ್ನು ತೊಳೆಯದೆ ತೊಟ್ಟಿಗೆ ಹಾಕಿದರೆ ಹನಿ ವಿಷ ಬಿಟ್ಟಂತೆ. ಸಾಬೂನು ಹಚ್ಚಿದ್ದರೆ ಸಾಬೂನೂ ಪೂರ್ತಿ ಹೋಗುವಂತೆ ತೊಳೆಯಬೇಕು.

ಮನೆಯಲ್ಲಿ ಕೊಡಬಹುದಾದ, ಗುಣ ಖಂಡಿತ ಎಂದು ಹೇಳಬಹುದಾದ ಔಷಧ ಈ ಪ್ರಾಣಿಗೆ ಇಲ್ಲ. ಸಿಹಿನೀರಿನಲ್ಲಿ ಮುಳುಗಿಸಿ ತೆಗೆಯುವ ಉಪಾಯ ಕೆಲವು ಮೀನಿಗೆ ನಡೆಯುತ್ತದೆ. ಮುಳ್ಳುಚೆಂಡಿಗೆ ಹಾಗೆ ಮಾಡಿದರೆ ಅದೇ ಕೊನೆ. ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ನೀರು ನೋಡಬೇಕು.

ಉಪ್ಪು ಅಂದರೆ ಉಪ್ಪಲ್ಲ

ಅಥಣಿ, ಕಾಗವಾಡ, ರಾಯಬಾಗ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಸವಳಾದ ಹೊಲ ನೋಡದವರಿಲ್ಲ. ಅಲ್ಲಿಯ ಬಾವಿ ನೀರು ನಾಲಿಗೆಗೆ ಉಪ್ಪು. “ಮತ್ತ ಆ ನೀರ ಹಾಕಿದ್ರ ಆಗಂಗಿಲ್ಲೇನ್ರೀ?” ಎಂದು ಯಾರಾದರೂ ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಆದರೆ ಆಗುವುದಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಅಡಿಗೆ ಉಪ್ಪಿನ ಪಾಲು ನೂರಕ್ಕೆ 85ರಷ್ಟು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಅಳತೆ ತಪ್ಪಿದರೆ ಸಮುದ್ರ ಆಗುವುದಿಲ್ಲ. ಕಿರಾಣಿ ಅಂಗಡಿಯ ಅಯೋಡಿನ್ ಉಪ್ಪಿನ ಪಾಕೀಟು ಸುರಿದರೂ ಆಗುವುದಿಲ್ಲ. ಅದಕ್ಕೆಂದೇ ತಯಾರಿಸಿದ ಕಡಲ ಲವಣದ ಮಿಶ್ರಣ ಸಿಗುತ್ತದೆ. ನೂರು ಲೀಟರಿಗೆ ಮೂರೂವರೆ ಕಿಲೋದ ಮೇಲೆಯೇ ಬೇಕು.

ಯಾವ ನೀರಿಗೆ ಬೆರೆಸಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಗೊಬ್ಬರ ಸುರಿದ ಕಬ್ಬಿನ ಹೊಲಗಳ ನಡುವಿನ ಬೋರಿನ ನೀರಿನಲ್ಲಿ ನೈಟ್ರೇಟು ಇರುವ ಸಂಭವ ಹೆಚ್ಚು. ನಲ್ಲಿ ನೀರಿನಲ್ಲಿ ಕ್ಲೋರಿನ್. ಊರೂರಿಗೆ ಬಂದಿರುವ, ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕ ಇಲ್ಲಿ ಉಪಕಾರಕ್ಕೆ ಬರುತ್ತದೆ. ಆ ನೀರನ್ನೂ ಒಮ್ಮೆ ಲವಣ ಅಳೆಯುವ ಸಣ್ಣ ಮೀಟರಿನಲ್ಲಿ ನೋಡಿಕೊಳ್ಳುವುದು ಜಾಣತನ. ಘಟಕದ ಪದರ ಹಳೆಯದಾಗಿದ್ದರೆ ಮೀಟರು ಹೇಳುತ್ತದೆ.

ಇನ್ನು ಅಳತೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವುದು ಎಲ್ಲರಿಗೂ ಗೊತ್ತು. ಸಮುದ್ರದ ನೀರಿಗೂ ಅಂಥದೇ ಕೊಳವೆ ಇದೆ, ಹೈಡ್ರೋಮೀಟರ್. ಒಳ್ಳೆಯ ಹಾಲಿನ ಸಾಂದ್ರತೆ 1.028ರಿಂದ 1.032, ಸಮುದ್ರದ ನೀರಿನದು 1.025ರ ಆಸುಪಾಸು. ಲೆಕ್ಕ ಇಷ್ಟೇ. ಆದರೆ ಈ ಲೆಕ್ಕವೇ ನಮ್ಮ ಕಡೆಯ ಬೇಸಿಗೆಯಲ್ಲಿ ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ತೊಟ್ಟಿಯ ನೀರು ಬೆರಳಳತೆಯಲ್ಲಿ ಆರುತ್ತದೆ. ನೀರು ಆರುತ್ತದೆಯೇ ಹೊರತು ಉಪ್ಪು ಆರುವುದಿಲ್ಲ. ಮನೆಯವನು ನೀರು ಕಡಿಮೆ ಆಗಿದೆ ಎಂದು ಮತ್ತೆ ಉಪ್ಪುನೀರನ್ನೇ ತುಂಬುತ್ತಾನೆ. ತಿಂಗಳೊಳಗೆ ತೊಟ್ಟಿ ಸಮುದ್ರಕ್ಕಿಂತ ಉಪ್ಪು. ಆರಿಹೋದ ನೀರಿನ ಬದಲಿಗೆ ಬರೇ ಶುದ್ಧ ಸಿಹಿನೀರು ಹಾಕಬೇಕು. ಕೊಳೆ ನೀರು ತೆಗೆದಾಗ ಮಾತ್ರ ಉಪ್ಪುನೀರು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಸಾಯಿಸಿದವರೇ ಹೆಚ್ಚು.

ಮೊದಲ ದಿನದ ಕೆಲಸ

ಜಡ್ಡಾದ ಪ್ರಾಣಿಯನ್ನು ಎತ್ತಿ ಬೇರೆ ಬಕೆಟಿಗೆ ಹಾಕುವ ಅವಸರ ಬೇಡ. ಸೋತ ಜೀವಕ್ಕೆ ಜಾಗ ಬದಲಿಸುವುದೇ ಒಂದು ಪೆಟ್ಟು. ಮೀನು ಕಚ್ಚುತ್ತಿದ್ದರೆ, ಏಡಿ ಮುಳ್ಳು ಕೀಳುತ್ತಿದ್ದರೆ ಆಗ ಮಾತ್ರ ತೂತಿನ ಡಬ್ಬಿಯೊಂದನ್ನು ಅದೇ ತೊಟ್ಟಿಯಲ್ಲಿ ಇಳಿಬಿಟ್ಟು ಅದರೊಳಗೆ ಇಡಬಹುದು. ಸರಿಸುವಾಗ ನೀರಿನಿಂದ ಹೊರಗೆ ತೆಗೆಯಬಾರದು. ನೀರಿನೊಳಗೇ ಡಬ್ಬಿಯಲ್ಲಿ ಹಿಡಿದು ಸರಿಸಬೇಕು. ಗಾಜಿಗೆ ಅಂಟಿದ್ದನ್ನು ಕಿತ್ತರೆ ಕೊಳವೆಗಾಲು ಹರಿದು ಗಾಜಿನಲ್ಲೇ ಉಳಿಯುತ್ತವೆ.

ಮೊದಲು ನಾಲ್ಕು ಅಳತೆ: ಉಪ್ಪು, ಶಾಖ, ಅಮೋನಿಯಾ, ನೈಟ್ರೈಟ್. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಪೆಟ್ಟಿಗೆ ತೊಟ್ಟಿಯ ಜೊತೆಗೇ ಕೊಳ್ಳಬೇಕಾದದ್ದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸ್ವಲ್ಪ ಇದ್ದರೂ ವಿಷವೇ. ಹೊಸ ತೊಟ್ಟಿಯಲ್ಲಿ ಹೊಲಸು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ತಂದ ವಾರದಲ್ಲೇ ಮುಳ್ಳುಚೆಂಡು ತಂದವರು ಕಾರಣಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ. ಶಾಖ 24ರಿಂದ 27 ಡಿಗ್ರಿ ಇದ್ದರೆ ಸಾಕು. 30 ದಾಟಿದರೆ ನೀರಿನಲ್ಲಿ ಆಮ್ಲಜನಕ ನಿಲ್ಲುವುದೇ ಕಡಿಮೆ. ನೀರಿನ ಮೇಲೆ ಸಣ್ಣ ಫ್ಯಾನು ತಿರುಗಿಸಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆ ಎಸೆಯಬಾರದು.

ಅಳತೆ ಕೆಟ್ಟಿದ್ದರೆ ತೊಟ್ಟಿಯ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಬೇಕು. ಆ ಹೊಸ ನೀರು ಹಿಂದಿನ ದಿನವೇ ಪ್ಲಾಸ್ಟಿಕ್ ಬಕೆಟಿನಲ್ಲಿ ಲವಣ ಕಲಸಿ, ಗಾಳಿ ಬಿಟ್ಟು, ತೊಟ್ಟಿಯ ಶಾಖಕ್ಕೇ ತಂದದ್ದಾಗಿರಬೇಕು. ಆಗ ಕಲಸಿ ಆಗ ಸುರಿಯುವುದು ಸುಡುವ ಎಣ್ಣೆಗೆ ನೀರು ಚಿಮುಕಿಸಿದಂತೆ. ಉಪ್ಪು ಏರಿಬಿಟ್ಟಿದ್ದರೆ ಒಂದೇ ದಿನದಲ್ಲಿ ಇಳಿಸುವ ಹಟವೂ ಬೇಡ. 1.030 ಇದ್ದದ್ದನ್ನು 1.025ಕ್ಕೆ ತರಲು ನಾಲ್ಕೈದು ದಿನ ತೆಗೆದುಕೊಳ್ಳಿ. ಇದ್ದಿಲಿನ ಸೋಸುಚೀಲ, ಅಂದರೆ ತೊಟ್ಟಿಗೆಂದೇ ಮಾರುವ ಇದ್ದಿಲು, ನೀರು ಹರಿಯುವ ಕಡೆ ಇಟ್ಟರೆ ಕೆಲವು ವಿಷಗಳನ್ನು ಹೀರುತ್ತದೆ. ಒಲೆಯ ಕೆಂಡ ಆರಿಸಿ ಹಾಕುವುದಲ್ಲ ಮತ್ತೆ!

ಹೊಸದಾಗಿ ತಂದ ಪ್ರಾಣಿಯಾದರೆ ಚೀಲ ಒಡೆದು ಧೊಪ್ಪನೆ ಬಿಟ್ಟದ್ದೇ ರೋಗಕ್ಕೆ ಮೂಲವಾಗಿರಬಹುದು. ದವಾಖಾನೆಯಲ್ಲಿ ಸಲೈನ್ ಹಚ್ಚುತ್ತಾರಲ್ಲ, ಹಾಗೆ ತೆಳ್ಳನೆ ಕೊಳವೆಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಅದರ ಪಾತ್ರೆಗೆ ಎರಡು ತಾಸು ಇಳಿಸಿ, ಆಮೇಲೆ ಒಳಗೆ ಬಿಡುವುದು ಪದ್ಧತಿ.

ಹಸಿವು ಎಂಬ ರೋಗ

ಇಷ್ಟೆಲ್ಲ ಅಳತೆ ಸರಿಯಿದ್ದೂ ಪ್ರಾಣಿ ಸೊರಗಿದರೆ? ಹೆಚ್ಚಿನ ಸಲ ಉತ್ತರ ಬಹಳ ಸಾದಾ: ಉಪವಾಸ. ಮುಳ್ಳುಚೆಂಡು ಪಾಚಿ ತಿನ್ನುವ ಪ್ರಾಣಿ. ಗಾಜು ಸ್ವಚ್ಛ ಮಾಡುತ್ತದೆ ಎಂದೇ ಅಂಗಡಿಯವನು ಮಾರಿರುತ್ತಾನೆ. ಸಣ್ಣ ತೊಟ್ಟಿಯ ಪಾಚಿಯನ್ನು ಅದು ಕೆಲವು ವಾರಗಳಲ್ಲಿ ನುಣ್ಣಗೆ ಕೆರೆದು ಮುಗಿಸುತ್ತದೆ. ಆಮೇಲೆ ತಟ್ಟೆ ಖಾಲಿ. ಮೀನಿಗೆ ಎರಡು ಹೊತ್ತು ಕಾಳು ಹಾಕುವ ಮನೆಯವರು ಇದಕ್ಕೆ ಏನೂ ಹಾಕುವುದಿಲ್ಲ. ಕೆಲಸದಾಳನ್ನು ಇಟ್ಟು ಊಟ ಮರೆತ ಹಾಗೆ.

ಉಪ್ಪು ಖಾರ ಹಚ್ಚದ ಒಣ ಕಡಲಪಾಚಿಯ ಹಾಳೆ, ನೋರಿ ಎಂದು ಹೆಸರು, ದೊಡ್ಡ ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ತುಂಡನ್ನು ಕಲ್ಲಿನಡಿ ಸಿಕ್ಕಿಸಿ ಅದರ ಬಾಯಿಯ ಹತ್ತಿರ ಇಟ್ಟರೆ ಸಾಕು. ಬಾಯಿ ಕೆಳಗಿದೆ ಎಂಬುದು ಮರೆಯಬಾರದು, ನೆತ್ತಿಯ ಮೇಲೆ ಉದುರಿಸಿದರೆ ಉಪಯೋಗವಿಲ್ಲ. ಅದು ಬರುವ ತನಕ ಬಿಸಿನೀರಲ್ಲಿ ಬಾಡಿಸಿದ ಪಾಲಕ್ ಎಲೆ, ಸೌತೆಕಾಯಿಯ ಹೋಳು ಕೊಟ್ಟು ನೋಡಬಹುದು. ತಿನ್ನದೆ ಬಿಟ್ಟದ್ದನ್ನು ಮರುದಿನ ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ಮತ್ತೆ ಅಮೋನಿಯಾ. ಕಿರಾಣಿಯಲ್ಲಿ ಸಿಗುವ ಚೀನಾ ಗ್ರಾಸ್ ಕೂಡ ಕಡಲಪಾಚಿಯದೇ ಎಂದು ಯಾರಾದರೂ ಬುದ್ಧಿವಂತರು ಹೇಳಿಯಾರು. ಅದು ಪಾಚಿಯಿಂದ ತೆಗೆದ ಅಂಟು, ಊಟವಲ್ಲ.

ಚಿಪ್ಪು, ಮುಳ್ಳು ಎರಡೂ ಸುಣ್ಣದವು. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂಗಿಂತ ಬಹಳ ಇಳಿದರೆ ಮುರಿದ ಮುಳ್ಳು ಮತ್ತೆ ಬೆಳೆಯಲು ಸಾಮಾನು ಇಲ್ಲದಂತೆ. ಹಾಗೆಂದು ಎಲೆಯಡಿಕೆಯ ಸುಣ್ಣದ ಡಬ್ಬಿ ತೊಟ್ಟಿಗೆ ಬಗ್ಗಿಸಬಾರದು. ಕ್ಷಾರ ಒಮ್ಮೆಗೇ ಏರಿ ಇದ್ದ ಮೀನೂ ಹೋದಾವು. ಹದವಾಗಿ ನೀರು ಬದಲಿಸುತ್ತ ಹೋದರೆ ಆ ಲವಣದ ಮಿಶ್ರಣದಲ್ಲೇ ಕ್ಯಾಲ್ಸಿಯಂ ಬರುತ್ತದೆ.

ಕರೆಂಟಿನ ವಿಷಯ ಉದ್ದ ಮಾಡುವುದು ಬೇಡ, ಎಲ್ಲರಿಗೂ ಗೊತ್ತಿದ್ದದ್ದೇ. ಬ್ಯಾಟರಿಯ ಮೇಲೆ ನಡೆಯುವ ಗಾಳಿ ಪಂಪು ಒಂದು ಮನೆಯಲ್ಲಿರಬೇಕು. ರಾತ್ರಿ ಕರೆಂಟು ಹೋಗಿ ಬೆಳಗಿನ ತನಕ ಬರದಿದ್ದರೆ ಆ ಪಂಪಿನ ಬೆಲೆ ತಿಳಿಯುತ್ತದೆ.

ಇಡೀ ಸಮುದ್ರವೇ ಜಡ್ಡು ಬಿದ್ದಾಗ

ತೊಟ್ಟಿಯ ಒಂದು ಪ್ರಾಣಿಗೆ ಇಷ್ಟು ಗದ್ದಲವೇ ಅನ್ನಿಸಿದರೆ ಅಮೆರಿಕ ಖಂಡದ ಕೆರೀಬಿಯನ್ ಸಮುದ್ರದ ಕಥೆ ಕೇಳಬೇಕು. ವಿವಿಯನ್ ರಿಚರ್ಡ್ಸ್ ಹುಟ್ಟಿದ ದ್ವೀಪದ ಸುತ್ತಲಿನ ಸಮುದ್ರ ಅದೇ. ನಮ್ಮವರು ಲಾರ್ಡ್ಸಿನಲ್ಲಿ ಅವರನ್ನು ಸೋಲಿಸಿ ವಿಶ್ವಕಪ್ ತಂದ 1983ರಲ್ಲೇ, ಜನವರಿ ತಿಂಗಳು, ಪನಾಮಾ ಕಾಲುವೆಯ ಬಾಯಿಯ ಹತ್ತಿರ ಉದ್ದ ಮುಳ್ಳಿನ ಕಪ್ಪು ಮುಳ್ಳುಚೆಂಡುಗಳು ಸಾಯತೊಡಗಿದವು. ಸಮುದ್ರದ ಒಳಹರಿವಿನ ಜೊತೆ ಸಾವು ಸಾಗಿತು. ಸುಮಾರು ಒಂದು ವರ್ಷದಲ್ಲಿ ಇಡೀ ಕೆರೀಬಿಯನ್ನಿನಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಸತ್ತವು. ಕಾರಣ ಏನೆಂದು ಆಗ ಯಾರಿಗೂ ಹಿಡಿಯಲಾಗಲಿಲ್ಲ.

ಸತ್ತರೆ ಸತ್ತವು ಎಂದು ಬಿಡುವಂತಿರಲಿಲ್ಲ. ಹವಳದ ಬಂಡೆಯ ಮೇಲೆ ಬೆಳೆಯುವ ಪಾಚಿಯನ್ನು ಮೇಯುತ್ತಿದ್ದದ್ದು ಇವೇ. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಬೆಸ್ತರು ಮೊದಲೇ ಹಿಡಿದು ಮುಗಿಸಿದ್ದರು. ಮುಳ್ಳುಚೆಂಡೂ ಹೋದ ಮೇಲೆ ಕಳೆ ತೆಗೆಯುವ ಆಳಿಲ್ಲದ ಹೊಲದಂತೆ ಬಂಡೆಗಳ ಮೇಲೆ ಪಾಚಿ ಮುಚ್ಚಿಕೊಂಡು ಹವಳ ಕ್ಷೀಣಿಸಿತು. 2022ರಲ್ಲಿ ಅದೇ ಪ್ರದೇಶದಲ್ಲಿ ಮತ್ತೆ ಸಾವು ಶುರುವಾಯಿತು. ಹಿಡಿತ ತಪ್ಪುವುದು, ಮುಳ್ಳು ಜೋಲುವುದು, ಉದುರುವುದು ಎಲ್ಲ ಅದೇ ಲಕ್ಷಣ. ಈ ಸಲ ವಿಜ್ಞಾನಿಗಳು ಬಿಡಲಿಲ್ಲ. 2023ರಲ್ಲಿ ಕಳ್ಳನನ್ನು ಹಿಡಿದರು: ಮೈಮೇಲೆ ರೋಮವಿರುವ, ಒಂದೇ ಕೋಶದ, ಕಣ್ಣಿಗೆ ಕಾಣದ ಸಿಲಿಯೇಟ್ ಎಂಬ ಜೀವಿ. ಅದನ್ನು ಬೆಳೆಸಿ, ಆರೋಗ್ಯವಾಗಿದ್ದ ಮುಳ್ಳುಚೆಂಡುಗಳ ಜೊತೆ ಬಿಟ್ಟು, ಅದೇ ರೋಗ ಬರುವುದನ್ನು ಕಂಡು ಖಾತ್ರಿ ಮಾಡಿಕೊಂಡರು. ಅದೇ ಹೊತ್ತಿಗೆ ಕೆಂಪು ಸಮುದ್ರದಲ್ಲೂ ಇಂಥದೇ ಸಾವು ಎದ್ದಿತ್ತು.

ಮನೆಯ ತೊಟ್ಟಿಗೆ ಇದರಿಂದ ಏನು? ಒಂದು ತೊಟ್ಟಿಯಲ್ಲಿ ಜಡ್ಡಾದರೆ ಅದರ ಬಲೆ, ಬಕೆಟು, ಕೊಳವೆಯನ್ನು ಇನ್ನೊಂದು ತೊಟ್ಟಿಗೆ ಒಯ್ಯಬಾರದು. ಆ ಪ್ರಾಣಿಯನ್ನು ಗೆಳೆಯನಿಗೆ ದಾಟಿಸಬಾರದು. ಪಾಪ ಎಂದು ಮಾಲವಣಕ್ಕೋ ಗೋವಾಕ್ಕೋ ಹೋದಾಗ ಸಮುದ್ರಕ್ಕೆ ಬಿಟ್ಟು ಬರುವುದಂತೂ ಖಂಡಿತ ಕೂಡದು. ಎಲ್ಲಿಯ ಜಾತಿಯೋ, ಎಲ್ಲಿಯ ರೋಗವೋ.

ಬೇಕೇ ಬೇಕೇ?

ಕರೋಶಿಗೆ ಸಮುದ್ರ ಹತ್ತಿರವಲ್ಲ. ನಿಪ್ಪಾಣಿಯಿಂದ ಘಟ್ಟ ಇಳಿದು ದೇವಗಡಕ್ಕೆ ಹೋಗಬೇಕು, ಇಲ್ಲವೇ ಬೆಳಗಾವಿ ದಾಟಿ ಗೋವಾ, ಕಾರವಾರ. ಕರ್ನಾಟಕದ ಕಡಲ ಜೀವಗಳ ವೈಭವ ನೋಡಬೇಕೆಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೋಡಬೇಕು. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ಕಟ್ಟಿದವರು ಸಮುದ್ರದ ದಂಡೆಯಲ್ಲೇ ಕಟ್ಟಿದರು. ನಾವು ಕೃಷ್ಣೆಯ, ದೂಧಗಂಗೆಯ ಸೀಮೆಯಲ್ಲಿ ಪಾಕೀಟಿನ ಸಮುದ್ರ ಕಲಸಿಕೊಂಡು ಕುಂತಿದ್ದೇವೆ. ಇಡಬಾರದು ಎಂದಲ್ಲ, ವರ್ಷಗಟ್ಟಲೆ ಚೆನ್ನಾಗಿ ಬಾಳಿಸುವ ಹವ್ಯಾಸಿಗಳಿದ್ದಾರೆ. ಆದರೆ ಶಾಂತ ಸಮುದ್ರದ ಕೆಂಪು ಮುಳ್ಳುಚೆಂಡುಗಳು ನೂರು ವರ್ಷ ದಾಟಿ ಬದುಕುವುದುಂಟು. ಅಂಥ ಕುಲದ ಪ್ರಾಣಿಯನ್ನು ತಂದು ಮೂರು ತಿಂಗಳಲ್ಲಿ ಉಪವಾಸ ಕೆಡವುವುದು ಚಂದ ಕಾಣುವುದಿಲ್ಲ.

ಕಾನೂನಿನ ಮಾತೂ ಇದೆ. ಹವಳ, ಕಡಲ ಕುದುರೆ, ಕಡಲ ಸೌತೆ ಇವು 2001ರಿಂದ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ತೊಟ್ಟಿಗೆ ‘ಜೀವಂತ ಕಲ್ಲು’ ಎಂದು ಮಾರುವ ಕಲ್ಲಿನಲ್ಲಿ ಹವಳ ಅಂಟಿದ್ದರೆ ಕೊಂಡವನೂ ಸಿಕ್ಕಿಬೀಳುತ್ತಾನೆ. ಸಂಶಯ ಕೇಳುವುದಾದರೆ 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರ ಸರಕಾರದ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲಿ ಇದೆ. ದನದ ಡಾಕ್ಟರರನ್ನು ಸುಮ್ಮನೆ ಪೇಚಿಗೆ ಸಿಕ್ಕಿಸುವುದು ಬೇಡ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಎಚ್ಚರಿಕೆ. ಉದ್ದ ಮುಳ್ಳಿನ ಜಾತಿಯ ಮುಳ್ಳು ಚುಚ್ಚಿದರೆ ಮುರಿದು ಒಳಗೇ ಉಳಿಯುತ್ತದೆ, ಉರಿಯುತ್ತದೆ. ಹೂವಿನಂತೆ ಅರಳಿ ಕಾಣುವ ಇನ್ನೊಂದು ಜಾತಿ ಮುಳ್ಳಿನಿಂದಲ್ಲ, ಮುಳ್ಳಿನ ನಡುವಿನ ಸಣ್ಣ ಇಕ್ಕಳಗಳಿಂದ ವಿಷ ಏರಿಸುತ್ತದೆ. ಅದನ್ನು ಮನೆಗೆ ತರಲೇಬಾರದು. ಚುಚ್ಚಿದ ಜಾಗವನ್ನು ತಾಳುವಷ್ಟು ಬಿಸಿನೀರಿನಲ್ಲಿ ಅರ್ಧ ತಾಸಿಗೂ ಹೆಚ್ಚು ಹೊತ್ತು ಇಟ್ಟು, ಹೊರಗೆ ಕಾಣುವ ಮುಳ್ಳು ತೆಗೆದು, ದವಾಖಾನೆಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ಬಿಸಿನೀರಿಗೂ ಕಾಯದೆ ಓಡಬೇಕು.

ಎಲ್ಲ ಮಾಡಿಯೂ ಉಳಿಯದಿದ್ದರೆ? ಮುಟ್ಟಿದರೆ ಮುಳ್ಳು ಅಲುಗದು, ಕೊಳವೆಗಾಲು ಒಂದೂ ಹೊರಗಿಲ್ಲ, ಬಾಯಿಯ ಸುತ್ತಿನ ಚರ್ಮ ಕುಸಿದಿದೆ, ವಾಸನೆ ಬಂದಿದೆ ಎಂದರೆ ಮುಗಿಯಿತು. ಆಗ ತಡ ಮಾಡಬಾರದು. ಸತ್ತ ಮುಳ್ಳುಚೆಂಡು ಕೆಲವೇ ತಾಸಿನಲ್ಲಿ ನೀರು ಕೆಡಿಸಿ ಉಳಿದ ಮೀನುಗಳನ್ನೂ ಎಳೆದುಕೊಂಡು ಹೋಗುತ್ತದೆ. ತೆಗೆದು ಮಣ್ಣಲ್ಲಿ ಹೂಳಿ, ಕೂಡಲೇ ಕಾಲು ಭಾಗ ನೀರು ಬದಲಿಸಬೇಕು. ತೆಗೆದ ನೀರನ್ನು ಬಾವಿಗೂ ಹಳ್ಳಕ್ಕೂ ಚೆಲ್ಲಬಾರದು, ಹೂವಿನ ಗಿಡದ ಬುಡಕ್ಕೂ ಹಾಕಬಾರದು, ಬಚ್ಚಲಿಗೇ ಬಿಡಬೇಕು. ನೂರು ಲೀಟರಿನಲ್ಲಿ ಮೂರೂವರೆ ಕಿಲೋ ಲವಣ ಇದೆ. ಸವಳು ಏನು ಮಾಡುತ್ತದೆ ಎಂದು ಈ ಸೀಮೆಯ ರೈತನಿಗೆ ಹೇಳಬೇಕಾಗಿಲ್ಲ.